ಒಂಬತ್ತನೇ ಪ್ರಶ್ನೆಯ ತಪ್ಪು ಉತ್ತರ

"ನಲವತ್ತಾರು ಸಲ," ಎಂದರು ಕಂಪ್ಯೂಟರ್ ಲ್ಯಾಬಿನ ಮೇಲ್ವಿಚಾರಕರು. "ನಲವತ್ತಾರು ಸಲವೂ ಸೊನ್ನೆ. ಮೊದಲು ಯಂತ್ರ ಕೆಟ್ಟಿದೆ ಅಂದ್ಕೊಂಡೆ. ಆಮೇಲೆ ಹೆಸರು ನೋಡಿದೆ."

ನಾನೂ ನೋಡಿದೆ. ಅಕ್ಕನ ಮಗಳ ಹೆಸರು. ನಮ್ಮ ಗುಬ್ಬಿ.

"ಬುದ್ಧಿವಂತ ಹುಡುಗಿ. ಆದ್ರೂ ಸೊನ್ನೆ?"

"ಅದೇ ಹೇಳ್ತಿರೋದು. ಹನ್ನೆರಡು ಪ್ರಶ್ನೆ, ಒಂದೊಂದಕ್ಕೂ ನಾಲ್ಕು ಉತ್ತರ. ಕಣ್ಣು ಮುಚ್ಚಿ ಒತ್ತಿದ್ರೂ ಎರಡು ಮೂರು ಸರಿ ಬೀಳತ್ತೆ ಮೇಡಂ. ಪ್ರತಿ ಸಲ ಸೊನ್ನೆ ಬರಬೇಕು ಅಂದ್ರೆ ಸರಿ ಉತ್ತರ ಎಲ್ಲಾ ಗೊತ್ತಿರಬೇಕು."

ನಾನು ವಿಮಾ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ತನಿಖೆ ಮಾಡಿದವಳು. ಸುಟ್ಟ ಗೋದಾಮು, ತಾನಾಗಿ ಹಳ್ಳಕ್ಕೆ ಉರುಳಿದ ಕಾರು, ಇಂಥವುಗಳ ನಡುವೆ ಓಡಾಡಿ ಯಾರ ಮಾತನ್ನೂ ಮೊದಲ ಸಲಕ್ಕೆ ನಂಬದ ಕೆಟ್ಟ ಅಭ್ಯಾಸ ಅಂಟಿದೆ. ಆದರೆ ಈ ಮನುಷ್ಯ ಹೇಳಿದ್ದು ಲೆಕ್ಕಕ್ಕೆ ಸರಿಯಾಗಿತ್ತು.

ಅಕ್ಕ ಈ ಕಾಲೇಜಿನ ಹಿಂಬದಿಯ ಮೆಟ್ಟಿಲಿನಿಂದ ಬಿದ್ದು ಸತ್ತು ಮೂರು ವಾರವಾಗಿತ್ತು. ಹನ್ನೊಂದು ವಿದ್ಯಾರ್ಥಿಗಳ ಪ್ರಾಜೆಕ್ಟ್ ವರದಿಗಳು ಹಳೆಯ ವರದಿಗಳ ಪಕ್ಕಾ ನಕಲು ಎಂದು ಬಯಲಾದ ವಾರವೇ ಅವಳು ಹೋದಳು. ವಿಭಾಗದಲ್ಲಿ ಅವಳ ಕೀಬೋರ್ಡಿನ ಕೆಳಗೆ ಸಹಿಯಿಲ್ಲದ ಒಂದು ಕಾಗದ ಸಿಕ್ಕಿತು. ಹಳೆಯ ವರದಿಗಳನ್ನು ಮಕ್ಕಳಿಗೆ ಒದಗಿಸಿದ್ದು ಇವಳೇ, ನಾಚಿಕೆಗೆ ಪ್ರಾಣ ಬಿಟ್ಟಳು ಎಂದು ಎಲ್ಲರೂ ತೀರ್ಮಾನಿಸಿದರು. ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣಾ ಸಮಿತಿ ಆ ತೀರ್ಮಾನಕ್ಕೆ ಮುದ್ರೆ ಒತ್ತಲಿತ್ತು.

ಬರಹ ಯಾರದೋ ಅವರ ಹೆಸರು ಹೇಳಬೇಕು, ಹೇಳದೆ ಎತ್ತಿಕೊಂಡರೆ ಅದು ಕಳವು. ಅಕ್ಕ ಮಕ್ಕಳಿಗೆ ಕಲಿಸುತ್ತಿದ್ದದ್ದು ಇದನ್ನೇ. ಕೃತಿಚೌರ್ಯ ಎಂಬ ಭಾರದ ಪದಕ್ಕೆ ಅವಳು ಹನ್ನೆರಡು ಹಗುರವಾದ ಪ್ರಶ್ನೆ ಮಾಡಿ ಆನ್‌ಲೈನ್ ಪರೀಕ್ಷೆ ಕಟ್ಟಿದ್ದಳು. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ತಾನಾಗಿ ತೆರೆದುಕೊಳ್ಳುವಂತೆ ಹೊಂದಿಸಿಟ್ಟು ಶುಕ್ರವಾರ ಸತ್ತಳು. ಸೋಮವಾರ ಒಂಬತ್ತಕ್ಕೆ ಸರಿಯಾಗಿ ಅವಳ ಪಾಠ ಶುರುವಾಯಿತು. ಅದನ್ನು ನಿಲ್ಲಿಸುವ ಧೈರ್ಯ ಯಾರಿಗೂ ಬರಲಿಲ್ಲ.

ಗುಬ್ಬಿ ಕೊನೆಯ ಸಾಲಿನಲ್ಲಿ, ಕಿಟಕಿಯ ಪಕ್ಕ ಕುಳಿತಿದ್ದಳು. ಮಧ್ಯಾಹ್ನದ ಬಿಸಿಲು ಪರದೆಯ ಮೇಲೆ ಬಿದ್ದು ಅಕ್ಷರಗಳೆಲ್ಲ ಬಿಳಿಚಿಕೊಂಡಿದ್ದವು. ಪಕ್ಕದಲ್ಲಿ ಅವಳ ಪಟ್ಟಿ ಪುಸ್ತಕ. ನಮ್ಮೆಜಮಾನರು ಮಾಡಿಕೊಟ್ಟದ್ದು. ಕಾಲೇಜಿನ ಎದುರಿಗೇ ಅವರ ಬೈಂಡಿಂಗ್ ಅಂಗಡಿ. ಈ ಕಾಲೇಜಿನ ವರದಿಗಳಿಗೆಲ್ಲ ಹೊಲಿಗೆ ಹಾಕುವವರು ಅವರೇ. ಕತ್ತರಿಸಿ ಉಳಿದ ಕಾಗದದ ಪಟ್ಟಿಗಳನ್ನು ಎಸೆಯಲು ಅವರಿಗೆ ಮನಸ್ಸೇ ಬರುವುದಿಲ್ಲ. ಒಟ್ಟುಮಾಡಿ, ಒಂದು ತುದಿಗೆ ಅಂಟು ಹಾಕಿ, ಉದ್ದನೆಯ ಪುಟ್ಟ ಪುಸ್ತಕ ಮಾಡುತ್ತಾರೆ. ತಾಯಿ ಹೋದ ಮೇಲೆ ನಮ್ಮ ಮನೆಗೆ ಬಂದ ಹುಡುಗಿಗೆ ಹೋದ ವಾರ ಅಂಥದ್ದೊಂದು ಕೊಟ್ಟಿದ್ದರು.

ಅವಳು ಅದರಲ್ಲಿ ಇನ್ನೊಂದು ಗೆರೆ ಎಳೆದಳು. ನಲವತ್ತೇಳು.

"ಇದೇನೇ ಗುಬ್ಬಿ?"

"ಕೂತ್ಕೊಳ್ಳಿ ಚಿಕ್ಕಮ್ಮ, ತೋರಿಸ್ತೀನಿ."

ಪರದೆಯ ಮೇಲೆ ನಾಲ್ಕನೇ ಪ್ರಶ್ನೆ ಇತ್ತು. *ಗೆಳತಿಯ ಪ್ರಬಂಧದ ಎರಡು ಸಾಲು ತೆಗೆದುಕೊಂಡು ಪದಗಳನ್ನು ಹಿಂದೆ ಮುಂದೆ ಮಾಡಿದರೆ ಅದು ಯಾರ ಬರಹ?* ಗುಬ್ಬಿ 'ನನ್ನದು' ಎಂಬುದನ್ನು ಒತ್ತಿದಳು. ಕೆಳಗೆ ಹಸಿರು ಅಕ್ಷರ ಮೂಡಿತು.

*ಅಂಗಿಯ ಗುಂಡಿ ಬದಲಾಯಿಸಿದರೆ ಅಂಗಿ ನಿನ್ನದಾಗುವುದಿಲ್ಲ. ಅವಸರ ಬೇಡ, ಇನ್ನೊಮ್ಮೆ ಓದು.*

ಅದು ಅಕ್ಕನೇ. ಚಿಕ್ಕವಳಿದ್ದಾಗ ನನ್ನ ಕಾಪಿ ಪುಸ್ತಕದ ಮೇಲೆ ಬಗ್ಗಿ ನಿಂತು ಹೀಗೇ ಹೇಳುತ್ತಿದ್ದಳು, ಇದೇ ದನಿಯಲ್ಲಿ.

"ಸರಿ ಉತ್ತರ ಕೊಟ್ರೆ ಬರೀ 'ಸರಿ' ಅಂತ ಬರತ್ತೆ," ಎಂದಳು ಗುಬ್ಬಿ. "ತಪ್ಪು ಕೊಟ್ರೆ ಅಮ್ಮ ಮಾತಾಡ್ತಾಳೆ. ಒಟ್ಟು ಮೂವತ್ತಾರು ಮಾತು. ಬೈಯೋದೂ ಇದೆ, ನಗಿಸೋದೂ ಇದೆ. ಎಲ್ಲಾ ಬಾಯಿಪಾಠ ಆಗಿದೆ. ಆದ್ರೂ..."

ಹದಿನೆಂಟು ವರ್ಷದ ಹುಡುಗಿ, ಪರದೆಯ ಬೆಳಕಿನಲ್ಲಿ ಎಂಟರ ಮಗುವಿನಂತೆ ಕಂಡಳು. ಅವಳ ತಲೆ ಸವರಿದೆ. ಅಳು ನುಂಗಿಕೊಂಡೆ ಎಂದು ಹೇಳಿದರೆ ಸುಳ್ಳಾದೀತು, ಅತ್ತುಬಿಟ್ಟೆ.

"ಒಂಬತ್ತನೇದು ನೋಡಿ," ಎಂದಳು, ನನ್ನ ಮುಖ ನೋಡದೆ.

*ಕದ್ದದ್ದು ಗೊತ್ತಾದ ಮೇಲೆ ಮಾಡಬೇಕಾದ ಮೊದಲ ಕೆಲಸ ಯಾವುದು?* ಅವಳು ಮೂರನೇ ಉತ್ತರ ಒತ್ತಿದಳು: 'ಏನೂ ಆಗಿಲ್ಲವೆಂಬಂತೆ ಇರುವುದು.'

ಹಸಿರು ಅಕ್ಷರಗಳು ಬಂದವು.

*ಮಕ್ಕಳಿಗೆ ಕದಿಯಬೇಡಿ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಕಳವು ನನಗೆ ಗೊತ್ತಿತ್ತು, ಸುಮ್ಮನಿದ್ದೆ. ಈ ಭಾರವನ್ನು ಇನ್ನು ಹೊರಲಾರೆ. ಎಲ್ಲರೂ ನನ್ನನ್ನು ಕ್ಷಮಿಸಿ. ಸೋಮವಾರ ತರಗತಿಯಲ್ಲಿ ಹೆಸರು ಸಮೇತ ಎಲ್ಲವನ್ನೂ ಹೇಳುತ್ತೇನೆ.*

ಮೊದಲ ನಾಲ್ಕು ಮಾತು ಕೀಬೋರ್ಡಿನ ಕೆಳಗೆ ಸಿಕ್ಕ ಕಾಗದದವು. ಮೂರು ವಾರದಿಂದ ಅವು ನನ್ನ ನಿದ್ದೆ ಕೆಡಿಸಿದ್ದವು. ಐದನೆಯದನ್ನು ನಾನು ಅಲ್ಲಿಯವರೆಗೆ ಕಂಡೇ ಇರಲಿಲ್ಲ.

ಸೋಮವಾರ ಹೇಳುತ್ತೇನೆ ಎಂದವಳು ಶುಕ್ರವಾರ ಯಾಕೆ ಸಾಯುತ್ತಾಳೆ?

ನಾನು ಎದ್ದುಬಿಟ್ಟೆ. ಯಾರೋ ಅಕ್ಕನ ಪ್ರಶ್ನೆಯಿಂದ ಮಾತು ಕದ್ದು, ಕೊನೆಯದನ್ನು ಬಿಟ್ಟು, ಸಾವಿನ ಕಾಗದ ತಯಾರಿಸಿದ್ದಾರೆ. ಹಾಗೆಂದು ನನಗೆ ಆ ಕ್ಷಣಕ್ಕೆ ಹೊಳೆಯಿತು. ಹೊಳೆದ ಖುಷಿಯಲ್ಲಿ ಗುಬ್ಬಿಯ ಮುಖ ನೋಡುವುದನ್ನು ಮರೆತೆ. ನೋಡಬೇಕಿತ್ತು.

"ಪರೀಕ್ಷೆ ತೆರೆಯೋ ಮೊದಲು ಇದನ್ನ ಯಾರು ಓದಿರಬಹುದು?" ಎಂದು ಮೇಲ್ವಿಚಾರಕರನ್ನು ಕೇಳಿದೆ.

"ಒಬ್ರೇ. ಇಲ್ಲಿ ತಪ್ಪು ಪರೀಕ್ಷೆ ಅಂತ ಒಂದು ಪದ್ಧತಿ ಇದೆ. ಯಾರೇ ಪ್ರಶ್ನೆ ಮಾಡ್ಲಿ, ಇನ್ನೊಬ್ರು ಕೂತು ಬೇಕಂತಲೇ ಎಲ್ಲಾ ತಪ್ಪು ಒತ್ತಿ, ಟಿಪ್ಪಣಿ ಎಲ್ಲಾ ಓದಿ ಸಹಿ ಹಾಕ್ಬೇಕು. ನಿಮ್ಮಕ್ಕನ ಪ್ರಶ್ನೆಗೆ ಸಹಿ ಹಾಕಿದ್ದು ವಿಭಾಗದ ಮುಖ್ಯಸ್ಥರು."

ಮುಖ್ಯಸ್ಥರಿಗೆ ಮಕ್ಕಳು ಇಟ್ಟ ಹೆಸರು ಅಡಿಟಿಪ್ಪಣಿ. ಏನು ಹೇಳಿದರೂ ಕೆಳಗೊಂದು ವಿವರಣೆ ಸೇರಿಸದೆ ಬಿಡುವವರಲ್ಲ. ಅವರ ಕೋಣೆ ಮೂರನೇ ಮಹಡಿಯಲ್ಲಿ, ಹಿಂಬದಿಯ ಮೆಟ್ಟಿಲಿಗೆ ತಾಗಿಕೊಂಡೇ ಇತ್ತು.

ಆ ಮೆಟ್ಟಿಲನ್ನೇ ಹತ್ತಿದೆ. ಎರಡನೇ ತಿರುವಿನಲ್ಲಿ ನೆಲವನ್ನು ತಿಕ್ಕಿ ತಿಕ್ಕಿ ಒಂದು ಕಡೆ ಮಾತ್ರ ಬೆಳ್ಳಗೆ ಮಾಡಿದ್ದರು. ಅಲ್ಲಿ ಕಾಲಿಡಲಾಗಲಿಲ್ಲ, ದಾಟಿಕೊಂಡು ಹೋದೆ. ದಾಟುವಾಗ ಬೆನ್ನ ಹಿಂದೆ ಅಕ್ಕನ ಚಪ್ಪಲಿಯ ಸದ್ದು ಕೇಳಿದಂತಾಯಿತು. ತಿರುಗಿದರೆ ಯಾರೂ ಇಲ್ಲ.

ಅಲ್ಲೇ ನಿಂತು ಮನೆಯವರಿಗೆ ಫೋನ್ ಮಾಡಿದೆ. ಅವರಿಗೆ ಹೇಳದೆ ನನಗೆ ಏನೂ ಜೀರ್ಣವಾಗುವುದಿಲ್ಲ.

"ಅಕ್ಕನ ಕಾಗದಕ್ಕೆ ಐದನೇ ಸಾಲೊಂದಿದೆ ರೀ. ಪರೀಕ್ಷೇಲಿ ಸಿಕ್ತು."

ಆ ಕಡೆ ಅಂಗಡಿಯ ಯಂತ್ರದ ಸದ್ದು ನಿಂತಿತು. ಅವರು ಆರಿಸಿರಬೇಕು. "ಏನಂತ ಇದೆ?"

ಹೇಳಿದೆ.

"ಸರಿ. ನೀನು ಒಬ್ಳೇ ಯಾರ ಹತ್ರಾನೂ ಜಗಳಕ್ಕೆ ಹೋಗ್ಬೇಡ. ಅಂಗಡಿ ಮುಚ್ಚಿ ಬರ್ತೀನಿ," ಎಂದರು. ಇಂಥ ಗಂಡ ಎಲ್ಲರಿಗೂ ಸಿಗಲಿ ಎಂದುಕೊಂಡೆ.

ಅಡಿಟಿಪ್ಪಣಿ ಕೆಂಪು ಪೆನ್ನಿನಿಂದ ಯಾರದೋ ಪ್ರಬಂಧ ಕೊಯ್ಯುತ್ತಿದ್ದರು.

"ಕೂತ್ಕೊಳ್ಳಿ ಮೇಡಂ. ಅಂದ್ರೆ, ಆ ಕುರ್ಚೀಲಿ. ಇದರ ಕಾಲು ಸರಿಯಿಲ್ಲ."

ನಾನು ಕೂರಲಿಲ್ಲ. "ನನ್ನಕ್ಕನ ಪ್ರಶ್ನೆಗಳಿಗೆ ತಪ್ಪು ಪರೀಕ್ಷೆ ಮಾಡಿದ್ದು ನೀವು."

"ಹೌದು. ಬುಧವಾರ. ಅಂದ್ರೆ ಅವರು ತೀರಿಕೊಳ್ಳೋಕೆ ಎರಡು ದಿನ ಮುಂಚೆ."

"ಮೂವತ್ತಾರು ಟಿಪ್ಪಣೀನೂ ಓದಿದ್ರಿ."

"ಓದದೆ ಸಹಿ ಹಾಕೋನಲ್ಲ ನಾನು."

"ಹಾಗಾದ್ರೆ ಸಾವಿನ ಕಾಗದದಲ್ಲಿ ಇರೋದು ಯಾರ ಮಾತು ಅಂತ ನಿಮಗೆ ಆವತ್ತೇ ಗೊತ್ತಾಗಿರಬೇಕು. ಒಂಬತ್ತನೇ ಪ್ರಶ್ನೆ, ಮೂರನೇ ಉತ್ತರ. ಅದನ್ನ ಓದಿದ್ದ ಮನುಷ್ಯ ಈ ಭೂಮಿ ಮೇಲೆ ನೀವೊಬ್ರೇ."

ಪೆನ್ನು ಕೆಳಗಿಟ್ಟರು. ಮುಖ ಬಿಳಿಚಿಕೊಳ್ಳುತ್ತದೆ ಎಂದು ಕಾದೆ. ಹತ್ತೊಂಬತ್ತು ವರ್ಷ ಬಿಳಿಚಿಕೊಳ್ಳುವ ಮುಖಗಳನ್ನೇ ನೋಡಿ ಬದುಕಿದವಳು ನಾನು. ಈ ಮುಖದಲ್ಲಿ ಮೂಡಿದ್ದು ಗೊಂದಲ.

"ಅಲ್ಲಿ ಅಂಥದ್ದೇನೂ ಇಲ್ಲ," ಎಂದರು.

"ನಾನು ಈಗ ತಾನೇ ಓದಿ ಬಂದೆ!"

ಅವರು ಬೀರು ತೆರೆದು ಒಂದು ಕಡತ ತೆಗೆದರು. ಬುಧವಾರದ ಮುದ್ರಿತ ಪ್ರತಿ, ಪ್ರತಿ ಪುಟಕ್ಕೂ ಸಹಿ. ಒಂಬತ್ತನೇ ಪ್ರಶ್ನೆಯ ಮೇಲೆ ಬೆರಳಿಟ್ಟರು. ಮೂರನೇ ಉತ್ತರದ ಮುಂದೆ ಇದ್ದದ್ದು ಇಷ್ಟೇ: *ನಗು ಬಂತು. ಆದರೂ ಇನ್ನೊಮ್ಮೆ ಓದು.*

ಎರಡು ಸಲ ಓದಿದೆ.

"ಆಮೇಲೆ ಯಾರೋ ಬದಲಾಯಿಸಿದ್ದಾರೆ," ಎನ್ನುತ್ತ ಅವರು ತಮ್ಮ ಕಂಪ್ಯೂಟರ್ ಕಡೆ ತಿರುಗಿದರು. ಪ್ರಶ್ನೆ ತಿದ್ದಿದ ದಿನಾಂಕಗಳ ಪಟ್ಟಿ ಬಂತು. "ಎಂಟು ದಿನದ ಹಿಂದೆ. ನಿಮ್ಮಕ್ಕನ ಪಾಸ್‌ವರ್ಡ್ ಹಾಕಿ. ಅಂದ್ರೆ, ಅವರು ತೀರಿಕೊಂಡು ಎರಡು ವಾರ ಆದ ಮೇಲೆ."

ಹೊರಗೆ ಮೆಟ್ಟಿಲಿನ ಬಾಗಿಲು ಗಾಳಿಗೆ ಬಡಿಯಿತು.

"ಸತ್ತವರು ತಿದ್ದೋದಿಲ್ಲ ಮೇಡಂ," ಎಂದರು ಮೆಲ್ಲಗೆ. "ಅವರ ಪಾಸ್‌ವರ್ಡ್ ಮನೇಲಿ ಯಾರಿಗೆ ಗೊತ್ತು?"

ಗೊತ್ತಿದ್ದವಳು ಕೆಳಗೆ ಕಿಟಕಿಯ ಪಕ್ಕ ಕುಳಿತಿದ್ದಳು. ನನ್ನ ಕೈಗೆ ಸಾಕ್ಷಿ ಕೊಟ್ಟವಳೇ ಅದನ್ನು ತಯಾರಿಸಿದ್ದಳು.

"ನಾಳೆ ಸಮಿತಿ ಎದುರು ನಾನಿದನ್ನ ಮುಚ್ಚಿಡೋಕಾಗಲ್ಲ. ತಾಯಿ ಕಳವಿಗೆ ಸಹಾಯ ಮಾಡಿದ್ರು, ಮಗಳು ಖೋಟಾ ಮಾಡಿದ್ಲು ಅಂತ ಬರೀತಾರೆ. ಆ ಹುಡುಗಿ ಈ ಕಾಲೇಜಲ್ಲಿ ಉಳಿಯಲ್ಲ. ನನಗೂ ಸಂಕಟವೇ. ನಿಮ್ಮಕ್ಕ ಹನ್ನೆರಡು ವರ್ಷ ನನ್ನ ಎದುರಿನ ಮೇಜಲ್ಲಿ ಕೂತಿದ್ರು." ಈ ಸಲ ವಿವರಣೆ ಸೇರಿಸಲಿಲ್ಲ.

ಸೋತ ಮೇಲೂ ಒಂದು ಸಲ ವಸ್ತುವನ್ನು ಕಣ್ಣಾರೆ ನೋಡುವುದು ನನ್ನ ಕೆಲಸದ ಚಾಳಿ. "ಮೂಲ ಕಾಗದ ನಿಮ್ಮ ಹತ್ರ ಇದೆಯಲ್ಲ? ತೋರಿಸಿ."

ಪೊಲೀಸರು ಕೈತೊಳೆದುಕೊಂಡು ಅದನ್ನು ಸಮಿತಿಗೆ ಕಳಿಸಿದ್ದರು. ಮುಖ್ಯಸ್ಥರು ಪ್ಲಾಸ್ಟಿಕ್ ಚೀಲದಲ್ಲಿದ್ದ ಅದನ್ನು ಮೇಜಿನ ಮೇಲಿಟ್ಟರು. ವಿಭಾಗದ ಹೆಸರಿರುವ ಅರ್ಧ ಹಾಳೆ, ದಪ್ಪ ಅಕ್ಷರದಲ್ಲಿ ಮುದ್ರಿಸಿದ ನಾಲ್ಕು ಮಾತು. ಇಷ್ಟು ದಿನ ನಾನು ನೋಡಿದ್ದು ಅದರ ಫೋಟೋ ಮಾತ್ರ.

ಅಡಿಟಿಪ್ಪಣಿ ಹುಬ್ಬು ಗಂಟಿಕ್ಕಿದರು. "ಕೆಳಗಿನ ಅಂಚು ಎಲ್ಲಿ?"

"ಏನಂದ್ರಿ?"

"ನೋಡಿ, ಮೇಲೆ ಎರಡು ಬೆರಳು ಜಾಗ ಬಿಟ್ಟಿದ್ದಾರೆ. ಕೆಳಗೆ ಅಕ್ಷರ ಕಾಗದದ ತುದಿಗೆ ಬಂದು ನಿಂತಿದೆ. ಅಂಚು ಬಿಡದ ಮಕ್ಕಳಿಗೆ ಅಂಕ ಕಳೀತಿದ್ದ ಹೆಂಗಸು ಹೀಗೆ ಮುದ್ರಿಸ್ತಾರಾ?"

ಅವರ ಮೇಜಿನ ಮೇಲಿದ್ದ ಅದೇ ಅರ್ಧ ಹಾಳೆಯ ಕಟ್ಟಿನಿಂದ ಖಾಲಿ ಹಾಳೆಯೊಂದನ್ನು ಎಳೆದು ಕಾಗದವನ್ನು ಅದರ ಮೇಲಿಟ್ಟೆ. ಕಾಗದ ಎರಡು ಬೆರಳಿನಷ್ಟು ಗಿಡ್ಡವಿತ್ತು. ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಖಾಲಿ ಹಾಳೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಆ ಖಾಲಿ ಹಾಳೆಯನ್ನು ನನ್ನ ಕೈಚೀಲಕ್ಕೆ ಹಾಕಿಕೊಂಡೆ.

ಹರಿದಿದ್ದರೆ ನಾರು ಏಳಬೇಕಿತ್ತು. ಕತ್ತರಿ ಹಾಕಿದ್ದರೆ ಅಲ್ಲಲ್ಲಿ ಹಲ್ಲು ಕಾಣಬೇಕಿತ್ತು. ಆ ಅಂಚು ಒಂದೇ ಏಟಿಗೆ ಆದದ್ದು, ನೇರ, ನುಣುಪು. ಯಂತ್ರದ ಕೆಲಸ. ಅಷ್ಟು ತಿಳಿಯಿತು. ಅದರಾಚೆ ನನ್ನ ಬುದ್ಧಿ ಹೋಗಲಿಲ್ಲ, ಅಥವಾ ಹೋಗಲು ಒಪ್ಪಲಿಲ್ಲ.

"ಐದನೇ ಸಾಲು ನಿಜವಾಗ್ಲೂ ಇತ್ತು," ಎಂದೆ. "ನಾಳೆ ಹತ್ತು ಗಂಟೆವರೆಗೆ ಬಾಯಿ ಬಿಡಬೇಡಿ. ಇಷ್ಟು ಮಾಡಿ."

ಅವರು ತಲೆಯಾಡಿಸಿದರು.

ಕೆಳಗೆ ಬಂದಾಗ ಮೇಲ್ವಿಚಾರಕರು ಟೀ ಕುಡಿಯಲು ಹೋಗಿದ್ದರು. ಲ್ಯಾಬಿನಲ್ಲಿ ಗುಬ್ಬಿ ಒಬ್ಬಳೇ. ನನ್ನ ನಡಿಗೆಯಲ್ಲೇ ಅವಳಿಗೆ ಗೊತ್ತಾಯಿತು.

"ನಾನೇ ಹಾಕಿದ್ದು," ಎಂದಳು, ನಾನು ಕೇಳುವ ಮೊದಲೇ.

"ಯಾಕೆ?"

"ಅಮ್ಮ ಎಲ್ಲರಿಗೂ ಹೇಳ್ಬೇಕು ಅಂತಿದ್ಲು. ಹೇಳೋಕಾಗ್ಲಿಲ್ಲ. ಅವಳ ಪರೀಕ್ಷೇಲಾದ್ರೂ ಹೇಳ್ಲಿ ಅಂತ."

"ಎಲ್ಲಿಂದ ಬರ್ಕೊಂಡೆ? ಸಿಕ್ಕಿದ ಕಾಗದದಲ್ಲಿ ಇರೋದು ನಾಲ್ಕೇ ಮಾತು."

"ಗುರುವಾರ ಸಂಜೆ ಮನೇಲಿ ಅಮ್ಮನ ಮೇಜಿನ ಮೇಲೆ ನೋಡಿದೆ. ಆಗ ಐದಿತ್ತು. ಕೆಳಗೆ ಹಸಿರು ಇಂಕಿನ ಸಹಿ ಇತ್ತು." ಅವಳು ಪಟ್ಟಿ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಾನು ಕೂಗಾಡಿದೆ ಚಿಕ್ಕಮ್ಮ. ಕಳವು ಗೊತ್ತಿದ್ದೂ ಸುಮ್ನಿದ್ಯಾ ಅಂದೆ. ಕದ್ದದ್ದು ಯಾರು ಅಂತ ಕೇಳಿದೆ, ಹೇಳ್ಲಿಲ್ಲ. ಸೋಮವಾರ ಎಲ್ಲರೆದುರು ಹೇಳಿದ್ರೆ ನಾನು ಈ ಕಾಲೇಜಲ್ಲಿ ತಲೆ ಎತ್ಕೊಂಡು ಹೇಗೆ ಓಡಾಡ್ಲಿ ಅಂದೆ. ಅದಕ್ಕಿಂತ... ಅದಕ್ಕಿಂತ ಸಾಯೋದು ವಾಸಿ ಅಂದೆ. ನನ್ನ ಬಗ್ಗೆ ಅಂದಿದ್ದು ಅದು. ಬೆಳಿಗ್ಗೆ ನಾನು ಏಳೋದ್ರೊಳಗೆ ಅಮ್ಮ ಹೋಗಿದ್ಲು. ಕಾಗದದಲ್ಲಿ ಆ ಸಾಲು ಇರ್ಲಿಲ್ಲ. ಅಮ್ಮ ಅದನ್ನ ಕತ್ತರಿಸಿದ್ಲು. ನನಗೋಸ್ಕರ."

ಆಗ ಅರ್ಥವಾಯಿತು, ಈ ಹುಡುಗಿ ನಲವತ್ತೇಳು ಸಲ ಸೊನ್ನೆ ತೆಗೆದುಕೊಂಡದ್ದು ಯಾಕೆಂದು. ಅವಳಿಗೆ ಬೇಕಾಗಿದ್ದದ್ದು ಅಮ್ಮನ ದನಿ ಮಾತ್ರ ಅಲ್ಲ. ಬೈಸಿಕೊಳ್ಳುವುದೂ ಬೇಕಾಗಿತ್ತು. ಮೂರು ವಾರದಿಂದ ನನ್ನ ಮನೆಯ ಮಂಚದ ಮೇಲೆ ಮಲಗಿ, ಅಮ್ಮನನ್ನು ಕೊಂದವಳು ತಾನು ಎಂದು ನಂಬಿಕೊಂಡಿದ್ದಳು. ಪಕ್ಕದ ಕೋಣೆಯಲ್ಲಿದ್ದ ನಾನು, ದೊಡ್ಡ ತನಿಖೆಗಾರ್ತಿ, ಗಮನಿಸಲೇ ಇಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅವಳ ಎರಡೂ ಕೈ ಹಿಡಿದುಕೊಂಡೆ. "ಕೇಳಿಲ್ಲಿ. ನಿಮ್ಮನೇಲಿ ಕಾಗದ ಕತ್ತರಿಸೋಕೆ ಏನಿತ್ತು?"

"ಒಂದು ಮೊಂಡು ಕತ್ತರಿ."

"ಆ ಕಾಗದವನ್ನ ಕತ್ತರಿ ಮುಟ್ಟೇ ಇಲ್ಲ. ಅದನ್ನ ಕತ್ತರಿಸಿದ್ದು ಯಂತ್ರ. ನಿಮ್ಮಮ್ಮ ಅಲ್ಲ. ಅವಳು ಆ ಸಾಲು ಬರೆದು, ಸಹಿ ಹಾಕಿ, ಹಾಗೇ ಉಳಿಸ್ಕೊಂಡಿದ್ಲು."

ಗುಬ್ಬಿ ತಲೆ ಎತ್ತಿದಳು. "ಅಂದ್ರೆ ಅಮ್ಮ ಸೋಮವಾರ ಕ್ಲಾಸಿಗೆ ಬರೋಳಿದ್ಲಾ?"

"ಬರೋಳಿದ್ಲು."

ಅವಳು ಮೇಜಿನ ಮೇಲೆ ತಲೆಯಿಟ್ಟು ಅತ್ತಳು. ಮೂರು ವಾರದಲ್ಲಿ ಮೊದಲ ಸಲ, ಸದ್ದು ಮಾಡಿ, ಬಿಕ್ಕಿ ಬಿಕ್ಕಿ ಅತ್ತಳು. ಬಿಟ್ಟುಬಿಟ್ಟೆ. ಅಳಲಿ ಎಂದು.

ಸಮಾಧಾನವಾದ ಮೇಲೆ ಹೇಳಿದೆ. "ನೀನು ನೋಡಿದ ಐದೂ ಮಾತನ್ನ ನಿನ್ನ ಕೈಬರಹದಲ್ಲಿ ಬರೆದು, ದಿನಾಂಕ ಹಾಕು. ನಾಳೆಗೆ ಬೇಕು."

ಅವಳು ಮೂಗು ಒರೆಸಿಕೊಂಡು ಪಟ್ಟಿ ಪುಸ್ತಕ ತೆರೆದಳು. ಗೆರೆಗಳಿದ್ದ ಹಾಳೆಗಳನ್ನು ದಾಟಿ, ಖಾಲಿ ಹಾಳೆ ಹುಡುಕುತ್ತ ಹಿಂದಕ್ಕೆ ಹೋದಳು. ನಡುವೆ ಒಂದು ಕಡೆ ಅವಳ ಬೆರಳು ನಿಂತಿತು.

"ಚಿಕ್ಕಮ್ಮ, ಇದರ ಹಿಂದೆ ಏನೋ ಇದೆ."

ಬಿಸಿಲಿಗೆ ಹಿಡಿದಿದ್ದಳು. ಹಾಳೆಯ ಆಚೆ ಬದಿಯಿಂದ ಹಸಿರು ಬಣ್ಣ ಒಸರಿದಂತೆ ಕಾಣುತ್ತಿತ್ತು. ತಿರುವಿದೆ.

*ಸೋಮವಾರ ತರಗತಿಯಲ್ಲಿ ಹೆಸರು ಸಮೇತ ಎಲ್ಲವನ್ನೂ ಹೇಳುತ್ತೇನೆ.* ಕೆಳಗೆ ಹಸಿರು ಇಂಕಿನಲ್ಲಿ ಅಕ್ಕನ ಸಹಿ.

ಕೈಚೀಲದಿಂದ ಆ ಖಾಲಿ ಹಾಳೆ ತೆಗೆದು ಮೇಜಿನ ಮೇಲೆ ಹರಡಿದೆ. ಪೆನ್ಸಿಲ್ ಗೆರೆಯ ಕೆಳಗೆ ಆ ಪಟ್ಟಿಯನ್ನಿಟ್ಟೆ. ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲದೆ ಕೂತಿತು.

ಉಳಿದ ಚೂರನ್ನು ಎಸೆಯದ ಮನುಷ್ಯ. ಯಂತ್ರದ ತಟ್ಟೆಯಲ್ಲಿ ಬಿದ್ದದ್ದನ್ನೆಲ್ಲ ನೋಡದೆ ಒಟ್ಟುಮಾಡಿ ಅಂಟು ಹಾಕುವ ಕೈ. ಕಾಲೇಜಿನ ಪ್ರತಿಯೊಂದು ಹಳೆಯ ವರದಿಯೂ ಯಾರ ಅಂಗಡಿಯನ್ನು ದಾಟಿ ಹೋಗಿತ್ತೋ, ಅವರ ಕೈ. ಅಕ್ಕ ಹೆಸರು ಹೇಳದೆ ಇಷ್ಟು ದಿನ ಸುಮ್ಮನಿದ್ದದ್ದು ಯಾರ ಮನೆ ಉಳಿಸಲು, ಶುಕ್ರವಾರ ಬೆಳಿಗ್ಗೆ ಆ ಕಾಗದ ಹಿಡಿದು ಮೊದಲು ಹೋದದ್ದು ಯಾರ ಹತ್ತಿರ ಎಂದು ಈಗ ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಐದನೇ ಸಾಲಿನ ವಿಷಯವನ್ನು ಆ ಮೆಟ್ಟಿಲ ಮೇಲೇ ನಿಂತು, ಅವರಿಗೇ ಫೋನಿನಲ್ಲಿ ಒದರಿದ್ದೆ.

"ಇದು ಚಿಕ್ಕಪ್ಪನ ಪುಸ್ತಕಕ್ಕೆ ಹೇಗೆ ಬಂತು?" ಎಂದಳು ಗುಬ್ಬಿ.

ಬಾಗಿಲಲ್ಲಿ ಹೆಜ್ಜೆ ಸದ್ದಾಯಿತು. ನಮ್ಮೆಜಮಾನರು ನಿಂತಿದ್ದರು. ಬೆರಳುಗಳಿಗೆ ಒಣಗಿದ ಅಂಟು, ಮುಖದಲ್ಲಿ ಎಂದಿನ ನಗು.

"ಇಬ್ರೂ ಇಲ್ಲೇ ಇದೀರಾ? ನಡೀರಿ, ಮನೆಗೆ ಹೋಗೋಣ." ಸಾಲುಗಳ ನಡುವೆ ನಮ್ಮ ಕಡೆಗೆ ನಡೆದು ಬಂದರು. ಅವರ ಕಣ್ಣು ಮೇಜಿನ ಮೇಲಿತ್ತು. "ಅದರಲ್ಲಿ ಜಾಗ ಮುಗಿದಿರಬೇಕಲ್ಲ ಗುಬ್ಬಿ. ಇಲ್ಲಿ ಕೊಡು, ಹೊಸದು ಮಾಡ್ಕೊಡ್ತೀನಿ."

ಗುಬ್ಬಿ ನನ್ನ ಮುಖ ನೋಡಿದಳು. ಅವರ ಕೈ ಚಾಚಿಕೊಂಡೇ ಇತ್ತು.